ಹೊನ್ನಿಯ ಚಾಕು

ಹೊನ್ನಿ ಚಾಕು ಬಿಚ್ಚಿದ್ರೆ ಕೆರೆಯಿಂದ ಒಂದು ಸಣ್ಣ ಮೀನು ಎಗರಿ ಮತ್ತೆ ನೀರಿಗೆ ಬಿದ್ದ ಹಾಗಿರ್ತಿತ್ತು. ಒಂದೇ ಒಂದು ಬಿಳೀ ಮಿಂಚು, ಅಷ್ಟೇ. ಏನಾಯ್ತು ಅಂತ ನೋಡೋಷ್ಟ್ರಲ್ಲಿ ಅವಳ ಕೈಲಿದ್ದ ಮಾವಿನ ಕಡ್ಡಿ ತುದಿ ಚೂಪಾಗಿ, ಒದ್ದೆಯಾಗಿ ಹೊಳೀತಿರ್ತಿತ್ತು, ಚಾಕು ಆಗ್ಲೇ ಪಕ್ಕದ ಗೋಣಿ ಮೇಲೆ ಏನೂ ಮಾಡದವರ ಹಾಗೆ ಮಲಗಿರ್ತಿತ್ತು. ನಾನು ಆ ಚಾಕುನ ಎಷ್ಟು ಸಲ ನೋಡಿದೀನಿ ಅಂದ್ರೆ ಈಗ್ಲೂ ಕಣ್ಣು ಮುಚ್ಚಿದ್ರೆ ಅದರ ಹಿಡಿ ಮೇಲಿದ್ದ ಎರಡು ಹಿತ್ತಾಳೆ ಮೊಳೆಯಲ್ಲಿ ಯಾವುದು ಸ್ವಲ್ಪ ಸೊಟ್ಟ ಅಂತ ಹೇಳ್ತೀನಿ. ಕೆಳಗಿಂದು.

ನಾವಿದ್ದದ್ದು ಒಂದು ಗಿಡದ ನರ್ಸರಿ. ಕಸಿ ಕಟ್ಟೋದು ನಮ್ಮ ಕೆಲಸ. ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ: ಓಟೆಯಿಂದ, ಅಂದ್ರೆ ಬೀಜದಿಂದ, ಎದ್ದ ಯಾವುದೋ ಹುಳಿ ಮಾವಿನ ಸಸಿ ತಗೊಂಡು, ಅದರ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೇ ಮರದಿಂದ ತಂದ ಕಡ್ಡೀನ ಬೆಣೆ ಥರ ಹೆರೆದು ಆ ಸೀಳಿನೊಳಗೆ ಕೂರಿಸಿ ಕಟ್ಟೋದು. ಎರಡರ ಹಸಿ ಮೈ ಕೂದಲೆಳೆ ಸಂದಿ ಇಲ್ದಂಗೆ ಕೂಡಿದ್ರೆ ಮೂರು ವಾರಕ್ಕೆ ಚಿಗುರು. ಸಂದಿ ಬಿಟ್ರೆ ಕಡ್ಡಿ ಕಪ್ಪಾಗಿ ಸತ್ತೋಗುತ್ತೆ. ಅಂದ್ಮೇಲೆ ಎಲ್ಲಾ ಇರೋದು ಚಾಕಲ್ಲಿ, ಅಲ್ವಾ? ನಾನಂತೂ ಹಂಗೇ ಅನ್ಕೊಂಡಿದ್ದೆ.

ನಮಗೆ ಕೆಲಸ ಕಲಿಸಿದ್ದು ಮಾದಪ್ಪಣ್ಣ. ಅರವತ್ತು ದಾಟಿದ ಮನುಷ್ಯ. ಹೊಂಗೆ ಮರದ ಕೆಳಗೆ ಹಲಸಿನ ಮಣೆ ಹಾಕ್ಕೊಂಡು ಕೂತ್ರೆ ಸಂಜೆವರೆಗೂ ಏಳ್ತಿರ್ಲಿಲ್ಲ. ಅವರ ಕಸಿ ಸತ್ತದ್ದು ಯಾರೂ ನೋಡಿರ್ಲಿಲ್ಲ. ಆದ್ರೆ ಆ ವರ್ಷ ಅವರ ಕೈ ನಡುಗೋಕೆ ಶುರುವಾಗಿತ್ತು. ಟೀ ಲೋಟನ ಎರಡೂ ಕೈಲಿ ಹಿಡ್ಕೋತಿದ್ರು. ಆ ಮಣೆ ಮೇಲೆ ಮುಂದೆ ಯಾರು ಕೂರ್ತಾರೆ ಅಂತ ಯಾರೂ ಬಾಯಿಬಿಟ್ಟು ಕೇಳ್ತಿರ್ಲಿಲ್ಲ. ಆದ್ರೆ ನಾನು ಮನಸ್ಸಲ್ಲೇ ದಿನಾ ಒಂದ್ಸಲ ಕೂತು ಎದ್ದು ಬರ್ತಿದ್ದೆ. ಯಾಕೆ ಕೂರ್ಬಾರ್ದು? ನಾನು ಹೊನ್ನಿಗಿಂತ ಒಂದು ವರ್ಷ ಮೊದಲು ಬಂದವಳು. ಮಾದಪ್ಪಣ್ಣ ನನ್ನ 'ಮಗಾ' ಅಂತ ಕರೀತಿದ್ರು. ಅವಳನ್ನ 'ಹೊನ್ನವ್ವ' ಅಂತಿದ್ರು, ಅಷ್ಟೇ.

ಹೊನ್ನಿ ನನ್ನ ವಯಸ್ಸಿನವಳೇ. ಗಟ್ಟಿಮುಟ್ಟಾದ ಹುಡುಗಿ, ಮಾತು ಕಮ್ಮಿ, ಆಡಿದ್ರೆ ಒಣಮೆಣಸಿನಕಾಯಿ. ಎಡಚಿ. ಊಟ ಒಂದು ಬಿಟ್ಟು ಎಲ್ಲಾ ಕೆಲಸಕ್ಕೂ ಎಡಗೈನೇ. ಊಟಕ್ಕೂ ಎಡಗೈನೇ ಬರ್ತಿತ್ತೇನೋ, ಸಣ್ಣವಳಿದ್ದಾಗ ಅವರಜ್ಜಿ ಬಡಿದು ಬಡಿದು ಬಿಡಿಸಿದ್ರಂತೆ. ಅವಳ ಕಸಿ ನೂರಕ್ಕೆ ತೊಂಬತ್ತು ಚಿಗುರೋದು. ನಂದು ಅರವತ್ತು, ಒಳ್ಳೇ ದಿನ ಅರವತ್ತೈದು. ಇದನ್ನ ಯಾರೂ ಹೇಳ್ಬೇಕಾಗಿರ್ಲಿಲ್ಲ, ಯಾಕಂದ್ರೆ ಕಟ್ಟಿದವರ ಹೆಸರು ಬರೆದ ಕಡ್ಡಿ ನೆಟ್ಟು ಸಾಲು ಸಾಲಾಗಿ ಇಡ್ತಿದ್ವಿ. ಅವಳ ಸಾಲು ಹಬ್ಬದ ಮನೆ ಥರ. ನನ್ನ ಸಾಲು ಹಲ್ಲು ಬಿದ್ದ ಬಾಯಿ ಥರ.

ಅದಕ್ಕೇ ನಾನು ಚಾಕು ಹುಡುಕೋಕೆ ಶುರು ಮಾಡ್ದೆ.

ನಗಬೇಡಿ. ದಿನಪೂರ್ತಿ ಮೈಮೇಲೆ ಇಟ್ಕೊಳ್ಳೋ ಚಾಕು ಆರಿಸೋದು ಅಂದ್ರೆ ಸುಮ್ನೆ ಅಲ್ಲ. ಕಸಿಗೊಂದೇ ಅಲ್ಲ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋಕೆ, ದಾರ ಕತ್ತರಿಸೋಕೆ, ಸೀಬೆಕಾಯಿ ಹೋಳು ಮಾಡೋಕೆ, ಕಾಲಿನ ಮುಳ್ಳು ತೆಗೆಯೋಕೆ ಅದೇ ಬೇಕು. ತೀರಾ ಉದ್ದ ಇದ್ರೆ ಕೂತಾಗ ಸೊಂಟಕ್ಕೆ ಚುಚ್ಚುತ್ತೆ. ಗಿಡ್ಡ ಇದ್ರೆ ಅಂಗೈಗೆ ಸಿಗಲ್ಲ. ಸ್ಪ್ರಿಂಗ್ ಸಡಿಲ ಇದ್ರೆ ಬೆರಳ ಮೇಲೇ ಮಡಚ್ಕೊಳ್ಳುತ್ತೆ, ಬಿಗಿ ಇದ್ರೆ ಉಗುರು ಕಿತ್ತು ಬರುತ್ತೆ. ಮರದ ಹಿಡಿ ಬೆವರು ಕುಡಿಯುತ್ತೆ, ಕೊಂಬಿನ ಹಿಡಿ ಜಾರುತ್ತೆ. ಇದೆಲ್ಲಾ ನಾನು ಬಾಯಿಪಾಠ ಮಾಡ್ಕೊಂಡಿದ್ದೆ.

ನಮ್ಮೂರಲ್ಲಿ ಚಾಕು ಅಂದ್ರೆ ದಸ್ತಗೀರ್ ಸಾಹೇಬ್ರು. ಅಂಗಡಿ ಅಂದ್ರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸಾಣೆ ಚಕ್ರ, ಒಂದು ಕುರ್ಚಿ. ಭಾನುವಾರ ನರ್ಸರಿಗೇ ಬಂದು ನಮ್ಮೆಲ್ಲರ ಚಾಕಿಗೂ ಸಾಣೆ ಹಿಡಿದು ಹೋಗ್ತಿದ್ರು. ನಾವ್ಯಾರೂ ಸಾಣೆ ಮುಟ್ಟೋ ಹಾಗಿರ್ಲಿಲ್ಲ. ಆ ಗಾಜಿನ ಪೆಟ್ಟಿಗೆ ಮುಂದೆ ನಾನು ನಿಂತಿರೋ ಹೊತ್ತಲ್ಲಿ ಒಂದು ಸೀರೆ ನೇಯ್ಬೋದಿತ್ತು. ಇಪ್ಪತ್ತು ಚಾಕು ಇರೋದು, ಇಪ್ಪತ್ತೂ ತೆಗೆಸ್ತಿದ್ದೆ.

"ಏನಮ್ಮಾ, ಗಂಡು ನೋಡೋಕೆ ಬಂದಿದೀಯೋ, ಚಾಕು ನೋಡೋಕೋ?" ಅನ್ನೋರು ಸಾಹೇಬ್ರು.

"ಗಂಡಾದ್ರೆ ಇಷ್ಟು ನೋಡ್ತಿರ್ಲಿಲ್ಲ ಸಾಹೇಬ್ರೇ."

ಮೊದಲು ಬೀಟೆ ಹಿಡಿಯದು ತಗೊಂಡೆ. ನಾಲ್ಕು ತಿಂಗಳಿಗೆ ಬೇಜಾರಾಯ್ತು. ಆಮೇಲೆ ಕೊಂಬಿನ ಹಿಡಿಯದು. ಅದರ ಹಿಂದೆ ತೊಗಟೆ ಎತ್ತೋಕೆ ಒಂದು ಪುಟ್ಟ ಹಿತ್ತಾಳೆ ನಾಲಿಗೆ ಬೇರೆ ಇತ್ತು, ಎಷ್ಟು ಮುದ್ದಾಗಿತ್ತು ಅಂತೀರಿ! ಹೊಸ ಚಾಕು ಬಂದ ದಿನ ನಾನು ಒಂದೊಂದು ಬೆಣೇನೂ ಮೂರು ಮೂರು ಸಲ ಹೆರೆದು, ತಿರುಗಿಸಿ ನೋಡಿ, ಮತ್ತೆ ಹೆರೆದು ಕೂರಿಸ್ತಿದ್ದೆ. ಮಾದಪ್ಪಣ್ಣ ಮಣೆ ಮೇಲಿಂದ್ಲೇ ನೋಡಿ, "ಮಗಾ, ನಿನ್ ಚಾಕು ಬಲೇ ಮಾತುಗಾರ ಕಣವ್ವ. ಅವಳದ್ದು ನೋಡು, ಮೂಗ" ಅಂದ್ರು. ಎಲ್ಲಾ ನಕ್ಕರು. ಹೊನ್ನಿ ನಗಲಿಲ್ಲ, ತಲೆ ಎತ್ತಲೂ ಇಲ್ಲ. ಮೀನು ಎಗರ್ತು, ಬಿತ್ತು. ಅದು ನನಗೆ ಅವರ ನಗೆಗಿಂತ ಜಾಸ್ತಿ ಉರೀತು.

ಮಾರನೇ ದಿನವೇ ಸಾಹೇಬ್ರ ಹತ್ರ ಹೋಗಿ, "ಹೊನ್ನಿ ಹತ್ರ ಇದೆಯಲ್ಲ, ಅಂಥದೇ ನಂಗೂ ಬೇಕು" ಅಂದೆ.

ಸಾಹೇಬ್ರು ಚಕ್ರ ನಿಲ್ಲಿಸಿ ನನ್ನ ಮುಖ ನೋಡಿದ್ರು. "ಅದು ನಿನಗಲ್ಲಮ್ಮಾ."

"ನನಗ್ಯಾಕಲ್ಲ?"

"ಅದನ್ನ ಅವಳಿಗೆ ಅಂತ್ಲೇ ಎರಡು ತಿಂಗಳು ಕೂತು ಮಾಡಿದ್ದು. ನಿನಗೆ ಅದು ಆಗಲ್ಲ. ಯಾಕೆ ಅಂದ್ರೆ..."

ನಾನು ಆ 'ಯಾಕೆ' ಕೇಳೋಕೆ ನಿಲ್ಲಲಿಲ್ಲ. ಎರಡು ತಿಂಗಳು! ಅವಳಿಗೆ ಅಂತ್ಲೇ! ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ಟೆ. ದಾರಿಯುದ್ದಕ್ಕೂ ತಲೇಲಿ ಅದೇ. ಆರಿಸಿ ಆರಿಸಿ ಕಣ್ಣು ಸೋತವಳು ನಾನು, ಚಾಕು ಹುಟ್ಟಿದ್ದು ಅವಳಿಗೆ. ಅವತ್ತು ರಾತ್ರಿ ಊಟ ಸೇರಲಿಲ್ಲ, "ಹುಷಾರಿಲ್ವೇನೇ?" ಅಂತ ಅವ್ವ ಹಣೆ ಮುಟ್ಟಿ ನೋಡಿದ್ಲು. ಜ್ವರ ಇದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.

ಇದಾಗಿ ಹದಿನೈದು ದಿನಕ್ಕೆ ಹೆಣ್ಮಕ್ಕಳ ಶಾಲೆಯ ಮಾವಿನ ಮರದ ಸುದ್ದಿ ಬಂತು. ಊರಲ್ಲಿ ಆ ಮರ ಗೊತ್ತಿಲ್ದೋರಿಲ್ಲ. ಹಣ್ಣು ಮುಷ್ಟಿಯಷ್ಟೇ, ಆದ್ರೆ ಸಿಪ್ಪೆ ಕಚ್ಚಿದ್ರೆ ಕರ್ಪೂರದ ಘಮ. ಅಂಥ ಮರ ಇನ್ನೊಂದಿರ್ಲಿಲ್ಲ. ನಾನೂ ಆ ಶಾಲೇಲೇ ಓದಿದವಳು, ಅದರ ಕೆಳಗೆ ಉಪ್ಪು-ಖಾರ ಹಚ್ಚಿ ತಿಂದು ಹಲ್ಲು ಚಳೀತಾ ಪಾಠಕ್ಕೆ ಓಡಿದವಳು. ಗೆದ್ದಲು ತಿಂದು ಬುಡ ಟೊಳ್ಳಾಗಿತ್ತು. ಗಾಳಿಗೆ ಮಕ್ಕಳ ಮೇಲೆ ಬೀಳೋದಕ್ಕಿಂತ ಮೊದಲು ಕಡೀಬೇಕು ಅಂತ ತೀರ್ಮಾನ ಆಗಿತ್ತು. ದೊಡ್ಡ ಮೇಡಂ ಖುದ್ದು ನರ್ಸರಿಗೆ ಬಂದು ಮಾದಪ್ಪಣ್ಣನ ಎದುರು ಕೈಮುಗಿದು ನಿಂತ್ರು. "ಮರ ಹೋದ್ರೂ ಜಾತಿ ಹೋಗ್ಬಾರ್ದು, ಏನಾದ್ರೂ ಮಾಡಿ."

ಮಾದಪ್ಪಣ್ಣ ಹೋಗಿ ನೋಡ್ಕೊಂಡು ಬಂದ್ರು. ಇಡೀ ಮರದಲ್ಲಿ ಒಂದೇ ಕೊಂಬೆ ಹಸಿರಿತ್ತಂತೆ. ಅದರಲ್ಲಿ ಕಸಿಗೆ ಆಗೋ ಕಡ್ಡಿ ಬರೀ ಹನ್ನೆರಡು. ಮರ ಕಡಿದ ದಿನ ಬೆಳಿಗ್ಗೆ ಆ ಹನ್ನೆರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸನ್ನ ಎತ್ಕೊಂಡ ಹಾಗೆ ತಂದ್ರು.

"ನನ್ನ ಕೈ ಇದಕ್ಕಾಗಲ್ಲ," ಅಂದ್ರು. ಅದನ್ನ ಎಷ್ಟು ಸಾಧಾರಣವಾಗಿ ಅಂದ್ರು ಅಂದ್ರೆ ನಮಗೆ ಎಲ್ಲಿ ನೋಡ್ಬೇಕು ಅಂತ ಗೊತ್ತಾಗ್ಲಿಲ್ಲ. "ನೀವಿಬ್ರೂ ಆರಾರು ಕಟ್ಟಿ. ಊಟ ಆದ್ಮೇಲೆ, ಬಿಸಿಲು ವಾಲಿದಾಗ. ಯಾರವು ಹೆಚ್ಚು ನಿಲ್ತವೋ ಅವರು ಮುಂದೆ ಈ ಮಣೆ ಮೇಲೆ ಕೂತ್ಕೊಳ್ಳಿ. ನಾನು ಮನೇಲಿ ಕೂತ್ಕೊಂಡು ಮೊಮ್ಮಕ್ಕಳ ಕೈಲಿ ಬೈಸ್ಕೋತೀನಿ."

ಹೊನ್ನಿ ನನ್ನ ಕಡೆ ನೋಡಿದ್ಲು. ನಾನು ಅವಳ ಸೊಂಟದಲ್ಲಿದ್ದ ಚಾಕಿನ ಸಂಚಿ ನೋಡಿದೆ.

ಊಟಕ್ಕೆ ಮುಂಚೆ ಎಲ್ಲರೂ ತೊಟ್ಟಿ ಹತ್ರ ಕೈಕಾಲು ತೊಳೀತಿದ್ವಿ. ಆಗ ಮಾತ್ರ ಹೊನ್ನಿ ಸಂಚಿ ಬಿಚ್ಚಿ ಚಪ್ಪರದ ಗೂಟಕ್ಕೆ ನೇತಾಕೋಳು. ಇನ್ನೊಬ್ಬರ ಚಾಕು ಮುಟ್ಟಬಾರ್ದು ಅನ್ನೋದು ನಮ್ಮಲ್ಲಿ ಬಾಯಿಬಿಟ್ಟು ಹೇಳದೇ ಇದ್ದ ಕಟ್ಟಳೆ. ಬೇಕೇ ಬೇಕಾದ್ರೆ ಕೇಳ್ಬೇಕು, ಅವರು ನೆಲದ ಮೇಲೆ ಇಡ್ತಾರೆ, ನಾವು ಎತ್ಕೋಬೇಕು. ಕೈಯಿಂದ ಕೈಗೆ ಕೊಟ್ರೆ ಜಗಳ ಅಂತ. ನಾನು ಕೇಳಲಿಲ್ಲ. ಅವಳ ಸಂಚಿಯಿಂದ ಅವಳದನ್ನ ತೆಗೆದೆ, ಭಾರ ಕಮ್ಮಿಯಾಗಿ ಅವಳಿಗೆ ಗೊತ್ತಾಗ್ಬಾರ್ದು ಅಂತ ನನ್ನ ಕೊಂಬಿನ ಹಿಡಿಯದನ್ನ ಒಳಗಿಟ್ಟು ದಾರ ಎಳೆದೆ. ಒಂದು ಮಾತು ಹೇಳ್ತೀನಿ: ಆ ಚಾಕು ಅಂಗೈಗೆ ಬಂದಾಗ ಸಂತೋಷಾನೇ ಆಯ್ತು. ಬಿಡದೆ ಹೇಳ್ಬೇಕಲ್ಲ.

ಅವತ್ತು ಏನು ತಿಂದೆ ಅಂತ ನೆನಪಿಲ್ಲ.

ಹೊಂಗೆ ನೆರಳಲ್ಲಿ ಎದುರುಬದುರಾಗಿ ಕೂತ್ವಿ. ನಡುವೆ ಹನ್ನೆರಡು ಸಸಿ. ನನ್ನ ಒದ್ದೆ ಬಟ್ಟೇಲಿ ಆರು ಕಡ್ಡಿ, ಅವಳ ಬಟ್ಟೇಲಿ ಆರು. ಮಾದಪ್ಪಣ್ಣ ಮಣೆ ಮೇಲೆ. ಅವಳಿನ್ನೂ ಸಂಚಿ ಬಿಚ್ಚಿರ್ಲಿಲ್ಲ, ನಾನು ಸೆರಗಿನ ಮರೆಯಲ್ಲಿ ಚಾಕು ತೆಗೆದು ಮೊದಲನೇ ಕಡ್ಡಿ ಹಿಡಿದೆ. ಒಂದೇ ಏಟಿಗೆ ಎಳೀಬೇಕು, ಮೀನಿನ ಹಾಗೆ.

ಚಾಕು ಕಡ್ಡಿಯೊಳಕ್ಕೆ ಬಗೆದುಕೊಂಡು ಹೋಯ್ತು. ನೆಟ್ಟಗೆ ಬರ್ಬೇಕಾದ ಮೈ ಹಳ್ಳ ಬಿತ್ತು, ಚಮಚದ ಹಾಗೆ. ಸರಿ ಮಾಡೋಣ ಅಂತ ಇನ್ನೊಂದು ಕಡೆಯಿಂದ ಹೆರೆದೆ, ಅಲ್ಲೂ ಹಳ್ಳ. ಮೂರನೇ ಸಲಕ್ಕೆ ಕಡ್ಡಿ ತುದಿ ಮುರಿದೇ ಹೋಯ್ತು. ಹೆದರಿಕೆಗೆ ಹಿಂಗಾಗ್ತಿದೆ ಅನ್ಕೊಂಡು ಎರಡನೇದು ಎತ್ಕೊಂಡೆ. ಅದೂ ಅಷ್ಟೇ. ಮೂರನೇದನ್ನ ಹಲ್ಲು ಕಚ್ಚಿ, ಉಸಿರು ಹಿಡಿದು ಎಳೆದೆ. ಚಾಕು ನನ್ನ ಮಾತು ಕೇಳೋದಿರ್ಲಿ, ನನ್ನ ಕೈಯನ್ನೇ ಆಚೆ ತಳ್ತಾ ಇತ್ತು.

ಆಗ ತಲೆ ಎತ್ತಿದೆ. ಹೊನ್ನಿ ನನ್ನ ಕೊಂಬಿನ ಚಾಕುನ ಬಿಚ್ಚಿ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತಿದ್ಲು. ಯಾವಾಗಿಂದ ಹಂಗೆ ಕೂತಿದ್ಲೋ! ಅವಳ ಆರು ಕಡ್ಡೀನೂ ಬಟ್ಟೆ ಒಳಗೇ ಇದ್ವು. ಅವಳು ನನ್ನ ಕೈಯನ್ನ, ಕೈಯಲ್ಲಿದ್ದ ತನ್ನ ಚಾಕುನ, ನನ್ನ ಮುಂದೆ ಬಿದ್ದಿದ್ದ ಮೂರು ಹಾಳು ಕಡ್ಡಿಗಳನ್ನ ನೋಡ್ತಿದ್ಲು.

"ಹೊನ್ನವ್ವ, ಯಾಕವ್ವ ಕೂತ್ಬಿಟ್ಟೆ? ಕಡ್ಡಿ ಒಣಗ್ತವೆ," ಅಂದ್ರು ಮಾದಪ್ಪಣ್ಣ.

"ಅವಳು ಮುಗಿಸ್ಲಿ ಅಂತ," ಅಂದ್ಲು ಹೊನ್ನಿ. ದನಿ ತಣ್ಣಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಅಲಗು ತಿರುಗ್ಸಿ ನೋಡೇ. ಇಷ್ಟು ಚಾಕು ಆರಿಸಿದವಳು, ಒಂದ್ಸಲ ಅಲಗು ನೋಡಿದೀಯಾ?"

ತಿರುಗಿಸಿ ನೋಡಿದೆ. ಕಸಿ ಚಾಕಿಗೆ ಸಾಣೆ ಒಂದೇ ಮೈಗೆ. ಒಂದು ಮೈ ಇಳಿಜಾರು, ಇನ್ನೊಂದು ಮೈ ಕನ್ನಡಿ ಥರ ಚಪ್ಪಟೆ. ಆ ಚಪ್ಪಟೆ ಮೈ ಕಡ್ಡಿಗೆ ತಾಗಿ ಹೋದ್ರೇನೇ ಬೆಣೆ ನೆಟ್ಟಗೆ ಬರೋದು. ನನ್ನ ಬಲಗೈಲಿ ಅವಳ ಚಾಕಿನ ಚಪ್ಪಟೆ ಮೈ ಆಚೆಗಿತ್ತು. ಪೂರ್ತಿ ತಿರುಗುಮುರುಗು. ಅದು ಎಡಗೈಯವರಿಗೆ ಮಾಡಿದ ಚಾಕು. ಸಾಹೇಬ್ರು ಹೇಳೋಕೆ ಬಂದಿದ್ದ ಆ 'ಯಾಕೆ' ಇದೇ. ಅಂಗಡಿಯ ಇಪ್ಪತ್ತೂ ನನ್ನ ಕೈಗೇ ಸಾಣೆ ಹಿಡಿದವು, ಅದಕ್ಕೇ ನಾನು ಹಿಡಿ ನೋಡ್ದೆ, ಮೊಳೆ ನೋಡ್ದೆ, ಸ್ಪ್ರಿಂಗ್ ನೋಡ್ದೆ, ಅಲಗಿಗೆ ಮಗ್ಗುಲು ಅಂತ ಒಂದಿರುತ್ತೆ ಅನ್ನೋದು ಕಣ್ಣಿಗೇ ಬಿದ್ದಿರ್ಲಿಲ್ಲ. ಬಲಗೈಯವರಿಗೆ ಬಲಗೈ ಅನ್ನೋದೊಂದಿದೆ ಅಂತ್ಲೇ ಗೊತ್ತಿರಲ್ಲ.

"ನಿಂಗೆ ಆರಿಸೋಕೆ ಇಪ್ಪತ್ತಿತ್ತು," ಅಂದ್ಲು ಹೊನ್ನಿ. "ನಂಗೆ ಇದ್ದಿದ್ದು ಒಂದು. ಇದು ಬರೋವರೆಗೂ ನಿಮ್ಮ ಚಾಕುಗಳಲ್ಲೇ ಹೆರೆದು ಹೆರೆದು ಬೆರಳು ಹರ್ಕೊಂಡೆ. ನೀನು ಆ ಗಾಜಿನ ಪೆಟ್ಟಿಗೆ ಮುಂದೆ 'ಇದಲ್ಲ, ಅದು ತೋರ್ಸಿ' ಅಂತ ನಿಂತಿರ್ತಿದ್ಯಲ್ಲ, ಆಚೆ ಬೀದಿಯಿಂದ ನೋಡ್ತಿದ್ದೆ. ಹೊಟ್ಟೆ ಉರೀತಿತ್ತು ಕಣೇ. ಇರೋದೊಂದು, ಅದೂ ಬೇಕು ಅಂದ್ಯಲ್ಲ."

ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಅರವತ್ತರವಳ ಮೇಲೆ ತೊಂಬತ್ತರವಳಿಗೆ!

"ಮೊದಲನೇದಕ್ಕೇ ಹೇಳ್ಬೋದಿತ್ತು," ಅಂತ ಅವಳೇ ಮುಂದುವರಿಸಿದ್ಲು, ಈಗ ದನಿ ಸ್ವಲ್ಪ ಸಣ್ಣಗಾಗಿತ್ತು. "ನಿನ್ನ ಕೈಲಿ ನೋಡಿದ ತಕ್ಷಣ ಗೊತ್ತಾಯ್ತು. ಹೇಳ್ಲಿಲ್ಲ. ಕೆಡಿಸ್ಕೊಳ್ಲಿ ಅಂತ ಕೂತೆ. ಮೂರು ಹೋದ್ವು."

ಮೂರು ಹೋದ್ವು. ಇಬ್ಬರೂ ಆ ಮೂರನ್ನೇ ನೋಡಿದ್ವಿ. ಅವುಗಳ ಗಾಯದಿಂದ ಆಗ್ಲೇ ಕರ್ಪೂರದ ವಾಸನೆ ಬರ್ತಿತ್ತು. ಬೆಳಿಗ್ಗೆವರೆಗೂ ಇದ್ದ ಮರ, ಮಧ್ಯಾಹ್ನಕ್ಕೆ ಒಂಬತ್ತು ಕಡ್ಡಿ ಆಗಿತ್ತು. ಮೂರನ್ನ ಕಡಿದಿದ್ದು ಗೆದ್ದಲಲ್ಲ.

ಮಾದಪ್ಪಣ್ಣ ಬೈತಾರೆ ಅನ್ಕೊಂಡೆ. ಬೈಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸ್ಕೊಂಡ್ರು. "ನಿಮ್ಮ ಪಂಚಾಯ್ತಿ ಆಮೇಲೆ ಇಟ್ಕೊಳ್ಳಿ ತಾಯಂದಿರಾ. ಮರಕ್ಕೆ ಅಷ್ಟು ಹೊತ್ತಿಲ್ಲ," ಅಂದ್ರು. ಅಷ್ಟೇ.

ನನ್ನ ಬಟ್ಟೇಲಿ ಮೂರು ಕಡ್ಡಿ ಉಳಿದಿದ್ವು. ಕೊಂಬಿನ ಚಾಕು ವಾಪಸ್ ತಗೊಂಡು ನಾನೇ ಕಟ್ಬೋದಿತ್ತು. ಮೂರಕ್ಕೆ ಮೂರೂ ನಿಂತು, ಅವಳ ಆರರಲ್ಲಿ ನಾಲ್ಕು ಸತ್ತರೆ, ಮಣೆ ನಂದೇ. ಆ ಲೆಕ್ಕ ನನ್ನ ತಲೆಯಲ್ಲಿ ಎಷ್ಟು ಬೇಗ ಓಡ್ತು ಅಂದ್ರೆ ನನಗೇ ನಾಚಿಕೆ ಆಗೋಷ್ಟು. ಅವಳ ಆರರಲ್ಲಿ ನಾಲ್ಕು ಸಾಯಲಿ ಅಂತ ಅನ್ಕೊಂಡವಳು ನಾನು, ಆ ಮರದ ಕೆಳಗೆ ಬೆಳೆದವಳು.

ಅವಳ ಚಾಕುನ ಮಡಚಿ ನೆಲದ ಮೇಲೆ ಇಟ್ಟೆ. ಅದರ ಪಕ್ಕಕ್ಕೆ ನನ್ನ ಬಟ್ಟೆಯನ್ನೂ, ಒಳಗಿದ್ದ ಮೂರು ಕಡ್ಡಿ ಸಮೇತ, ತಳ್ಳಿದೆ.

"ಇವನ್ನೂ ನೀನೇ ಮಾಡು."

ಹೊನ್ನಿ ಬಟ್ಟೆ ಕಡೆ ನೋಡಿದ್ಲು, ಮಾದಪ್ಪಣ್ಣನ ಕಡೆ ನೋಡಿದ್ಲು. ಬೇಡ ಅಂತಾಳೇನೋ ಅಂತ ಒಂದು ಗಳಿಗೆ ಆಸೆ ಆಯ್ತು, ಸುಳ್ಳು ಹೇಳಲ್ಲ. "ಕಟ್ಟೋದು ನೀನು ಕಟ್ಟು ಮತ್ತೆ," ಅಂದ್ಲು. "ನನ್ನ ಕಟ್ಟು ಸಡಿಲ. ನಿಂದು ಬಿಗಿ."

ಒಂದೂವರೆ ವರ್ಷದಲ್ಲಿ ಅವಳು ನನ್ನ ಬಗ್ಗೆ ಹೇಳಿದ ಒಂದೇ ಒಂದು ಒಳ್ಳೇ ಮಾತು. ಸಂತೋಷಪಡೋಕೂ ಹೊತ್ತಿರ್ಲಿಲ್ಲ. ಅವಳು ಹೆರೆದು ಕೂರಿಸೋಳು, ನಾನು ಪ್ಲಾಸ್ಟಿಕ್ ಪಟ್ಟಿ ಎಳೆದು ಸುತ್ತಿ ಗಂಟು ಹಾಕೋಳು. ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದೆ. ಅವಳು ಒಂದು ಮೈಗೆ ಒಂದೇ ಸಲ ಎಳೀತಿದ್ಲು. ತಿರುಗಿಸಿ ನೋಡ್ತಿರ್ಲಿಲ್ಲ, ಮುಟ್ಟಿ ಸವರ್ತಿರ್ಲಿಲ್ಲ, ಗಾಳಿ ತಾಗೋಕೆ ಮುಂಚೆ ಸೀಳೊಳಗೆ ಕೂರಿಸ್ಬಿಡ್ತಿದ್ಲು. ನಾನು ಇಷ್ಟು ದಿನ ಚಾಕಿನ ಚೆಂದಕ್ಕೆ ಮೂರು ಮೂರು ಸಲ ಹೆರೆದು, ಗಾಯ ಒಣಗಿಸಿ, ಆಮೇಲೆ ಕೂರಿಸ್ತಿದ್ದೆ. ಅವಳ ತೊಂಬತ್ತು ಅಲ್ಲಿತ್ತು. ನನ್ನ ಅರವತ್ತೂ ಅಲ್ಲೇ ಇತ್ತು.

ಮಾರನೇ ದಿನ ಮಾದಪ್ಪಣ್ಣ ಬರಲಿಲ್ಲ. ಚಿಗುರು ಬರಲಿ ಅಂತಲೂ ಕಾಯಲಿಲ್ಲ. ಮಣೆ ಅಲ್ಲೇ ಇತ್ತು. ಹೊನ್ನಿ ಬಂದವಳೇ ಅದರ ಮೇಲಿನ ಹೊಂಗೆ ಎಲೆ ಗುಡಿಸಿ ಕೂತ್ಕೊಂಡ್ಲು. ನಾನು ದೊಡ್ಡ ಮನಸ್ಸು ಮಾಡಿ ಎಲ್ಲಾ ಮರೆತೆ ಅಂತ ಬರೆದ್ರೆ ಓದೋಕೆ ಚೆನ್ನಾಗಿರುತ್ತೆ. ಆದ್ರೆ ಹಂಗಾಗ್ಲಿಲ್ಲ. ಅವಳು ಆ ಮಣೆ ಮೇಲೆ ಕೂತಾಗೆಲ್ಲಾ ನನ್ನ ಎದೇಲಿ ಏನೋ ಕಚ್ಚಿದ ಹಾಗಾಗ್ತಿತ್ತು. ಒಂಬತ್ತು ಸಸಿಗಳನ್ನ ಪರದೆ ಚಪ್ಪರದ ಒಂದು ಮೂಲೇಲಿ ಇಟ್ಟಿದ್ವಿ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ನೋಡ್ತಿದ್ದೆ. ಎಷ್ಟು ಬದುಕಿವೆ ಅಂತ ನೋಡೋಕೆ ಬರ್ತಿದ್ನೋ, ಎಷ್ಟು ಸತ್ತಿವೆ ಅಂತ ನೋಡೋಕೆ ಬರ್ತಿದ್ನೋ, ನನ್ನ ಕೇಳಬೇಡಿ. ಎರಡು ಕಪ್ಪಾದ್ವು. ಅವತ್ತು ನನಗೆ ಅಳು ಬಂತು, ಅದರ ಜೊತೆಗೇ ಇನ್ನೇನೋ ಬಂತು, ಅದನ್ನ ಕಂಡೂ ಕಾಣದವಳ ಹಾಗೆ ಇದ್ದೆ.

ಇಪ್ಪತ್ತನೇ ದಿನ ಬಂದಾಗ ಹಿಂದಿನ ಸಂಜೆಯ ಗಾಳಿಗೆ ಚಪ್ಪರದ ಹಸಿರು ಪರದೆ ಆ ಮೂಲೇಲೇ ಹರಿದು ಜೋತಾಡ್ತಿತ್ತು. ಕೆಳಗೆ ಏಳು ಕಡ್ಡಿಗಳಲ್ಲಿ ಆರು ಇನ್ನೂ ಮೊಗ್ಗು. ಒಂದು ಮಾತ್ರ ಬಿಚ್ಚಿತ್ತು. ಎರಡು ಎಲೆ, ತಾಮ್ರದ ಬಣ್ಣ, ಇಲಿಮರಿ ಕಿವಿಯಷ್ಟು ತೆಳು. ಅಂಥ ಎಲೆಗೆ ಮೊದಲ ದಿನದ ನೇರ ಬಿಸಿಲು ಬಿದ್ರೆ ಮಧ್ಯಾಹ್ನಕ್ಕೆ ಸುಟ್ಟು ಮುದುರಿಹೋಗುತ್ತೆ. ಕುಂಡ ಎತ್ತೋಣ ಅಂದ್ರೆ ಕಸಿ ಕೂಡೋವರೆಗೂ ಅಲುಗಾಡಿಸಬಾರ್ದು. ಬಿಸಿಲು ಆಗ್ಲೇ ಹರುಕಿನೊಳಗಿಂದ ಕುಂಡದ ಅಂಚಿಗೆ ಬಂದಿತ್ತು.

ನಾನು ಹೋಗಿ ಆ ಹರುಕಿಗೆ ಬೆನ್ನು ಕೊಟ್ಟು ನಿಂತೆ.

ಸ್ವಲ್ಪ ಹೊತ್ತಿಗೆ ಹೊಂಗೆ ಮರದ ಕಡೆಯಿಂದ ಹೊನ್ನಿ ಕೂಗಿದ್ಲು. "ಎಲ್ಲೋದ್ಯೇ? ಪಟ್ಟಿ ಕತ್ತರಿಸ್ಬೇಕು, ಬಾ!"

"ಬಂದೆ," ಅಂದೆ. ಬೆನ್ನು ಸುಡ್ತಿತ್ತು. ನನ್ನ ನೆರಳು ಕುಂಡದಿಂದ ಒಂದು ಗೇಣು ಆಚೆಗೆ ಸರಿದಿತ್ತು, ನಾನೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.